ಸೆಲೀನ್‌ಬಾಯಿಯ ಬಿಗಿದ ಕೋವಿ

ಎಂಬತ್ತೊಂದನೇ ಇಸವಿಯ ಡಿಸೆಂಬರಿನ ಒಂದು ಸೋಮವಾರ ಬೆಳಿಗ್ಗೆ ಸಂತೆಕಟ್ಟೆಯ ಸೆಲೀನ್‌ಬಾಯಿ ತಮ್ಮ ಏರ್‌ಗನ್ನನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದರು. ನನ್ನ ಅಂಗಡಿ ಎಂದರೆ ಬನ್ನಂಜೆಯಲ್ಲಿ ಒಂದು ಸೈಕಲ್ ಅಂಗಡಿಯ ಜಗಲಿ, ಒಂದು ಬೆಂಚು, ಸಾಮಾನು ಕಚ್ಚಿ ಹಿಡಿಯುವ ಒಂದು ವೈಸ್. ಸ್ಟವ್, ಹೊಲಿಗೆ ಮೆಶಿನ್, ಏರ್‌ಗನ್ ಮೂರನ್ನೂ ರಿಪೇರಿ ಮಾಡುತ್ತೇನೆ. ಏರ್‌ಗನ್ ಬಿಚ್ಚಿ ಮತ್ತೆ ಜೋಡಿಸಲು ಬರುವವರು ಕುಂದಾಪುರದಿಂದ ಮೂಲ್ಕಿಯವರೆಗೆ ಬೇರೆ ಯಾರೂ ಇಲ್ಲ. ಇದು ಜಂಬ ಅಲ್ಲ. ಇದ್ದರೆ ತೋರಿಸಿ.

ಬಾಯಿಯವರ ಹಿಂದೆ ಅವರ ತಮ್ಮ ಲಿಯೋನೆಲ್ ಪೊರ್ಬು ಕಾರಿನಿಂದ ಇಳಿದರು. ನಮ್ಮ ಕಡೆ ಕ್ರಿಸ್ತಿಯನ್ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಿ ಎಂದು ಮರ್ಯಾದೆಗೆ ಕರೆಯುವುದು. ಮಣಿಪಾಲದಲ್ಲಿ ಮನೆ, ದೊಡ್ಡ ಆಫೀಸಿನಲ್ಲಿ ಕೆಲಸ, ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು. ಜಗಲಿಯ ಮೇಲೆ ಹತ್ತಿದವರು ಕೂರಲಿಲ್ಲ. ಕರ್ಚೀಫು ತೆಗೆದು ನನ್ನ ಸ್ಟೂಲನ್ನು ಒಮ್ಮೆ ನೋಡಿ, ಕರ್ಚೀಫನ್ನು ಮತ್ತೆ ಕಿಸೆಗೆ ಹಾಕಿದರು. ನನಗೆ ಅಲ್ಲಿಗೇ ತಲೆ ಬಿಸಿಯಾಯಿತು.

“ಗಣಪ, ಇದನ್ನೊಮ್ಮೆ ನೋಡು. ಮಡಚಲಿಕ್ಕೆ ಆಗುವುದಿಲ್ಲ,” ಎಂದರು ಬಾಯಿ.

“ಆಗುವುದಿಲ್ಲ ಅಂತ ಅಲ್ಲ,” ಎಂದರು ಪೊರ್ಬು. “ನಿನ್ನೆ ನಾನು ಎರಡು ಸಲ ಮಡಚಿದ್ದೇನೆ. ಕೋವಿಗೆ ಎಂತದೂ ಆಗಲಿಲ್ಲ. ಅಕ್ಕನಿಗೆ ಅರವತ್ತೊಂದು ಆಯಿತು, ಅಷ್ಟೆ.”

ಈ ಜಾತಿಯ ಕೋವಿಗೆ ಮದ್ದು ಬೇಡ, ಲೈಸೆನ್ಸೂ ಬೇಡ. ನಳಿಗೆಯನ್ನು ಹಿಡಿದು ಕೆಳಕ್ಕೆ ಮಡಚಿದರೆ ಒಳಗಿನ ಸ್ಪ್ರಿಂಗ್ ಮುದುಡಿ ಕೂರುತ್ತದೆ. ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಬಿಟ್ಟುಕೊಂಡು ಪಿಸ್ಟನನ್ನು ತಳ್ಳುತ್ತದೆ, ಪಿಸ್ಟನ್ ಗಾಳಿಯನ್ನು ತಳ್ಳುತ್ತದೆ, ಗಾಳಿ ಪೆಲೆಟ್ ಎಂಬ ಸಣ್ಣ ಸೀಸದ ಗುಂಡನ್ನು ತಳ್ಳುತ್ತದೆ. ಪ್ರತಿ ಪೆಲೆಟಿಗೂ ಒಮ್ಮೆ ಮಡಚಲೇಬೇಕು. ಬಾಯಿಯವರ ಕೋವಿ ಜರ್ಮನಿಯದು. ತೀರಿಹೋದ ಗಂಡ ಇಮ್ಯಾನುಯೆಲ್ ಪೊರ್ಬುಗಳು ಬಹರೈನಿನಿಂದ ತಂದದ್ದು. ಗಂಡ ಚಿಕ್ಕು ಮರದ ಬಾವಲಿಗೆ ಗುರಿ ಇಟ್ಟು ಹೊಡೆದದ್ದೆಲ್ಲ ಪಕ್ಕದ ಮನೆಯ ಹಂಚಿಗೆ. ಬಾಯಿಯವರು ಹೊಡೆದರೆ ಮಾತ್ರ ಬಿದ್ದದ್ದು ಬಾವಲಿ.

ಕಾರ್ಕಳದಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಒಂದು ಕ್ಲಬ್ಬಿನವರು ಏರ್‌ಗನ್ ಪಂದ್ಯ ಇಡುತ್ತಾರೆ. ಹಗ್ಗಕ್ಕೆ ಹತ್ತು ಸೋಡಾ ಮುಚ್ಚಳ ತೂಗಿಸಿ, ಹದಿನೈದು ಹೆಜ್ಜೆ ದೂರದಿಂದ ಹತ್ತು ಪೆಲೆಟ್. ಅಲ್ಲಿ ಒಂದೇ ಒಂದು ಕಟ್ಟುನಿಟ್ಟು: ತನ್ನ ಕೋವಿಯನ್ನು ತಾನೇ ಮಡಚಬೇಕು. ಬೇರೆಯವರ ಬೆರಳು ತಾಗಿದರೂ ಔಟ್. ಇಪ್ಪತ್ತು ಮೂವತ್ತು ಗಂಡಸರ ನಡುವೆ ಸೆಲೀನ್‌ಬಾಯಿ ಒಬ್ಬರೇ ಹೆಂಗಸು, ಮೂರು ಸಲ ಕಪ್ ತಂದವರು. ಲಿಯೋನೆಲ್ ಪೊರ್ಬು ಕೂಡ ಪ್ರತಿ ವರ್ಷ ಹೊಡೆಯುತ್ತಾರೆ, ಬೇರೆಯವರ ಕೋವಿ ಕೇಳಿ ತಂದು. ಎರಡು ಸಲ ಎರಡನೆಯವರು. ಮೊದಲನೆಯವರು ಯಾರು ಎಂದು ಹೇಳಬೇಕಾಗಿಲ್ಲ.

“ಮಾತು ಹೀಗೆ ಆಗಿದೆ,” ಎಂದರು ಬಾಯಿ ಸ್ಟೂಲಿನ ಮೇಲೆ ಕೂತು. “ಕೋವಿ ಸರಿ ಉಂಟು ಅಂತ ನೀನು ಹೇಳಿದರೆ ನಾನು ಈ ಸಲ ಕಾರ್ಕಳಕ್ಕೆ ಹೋಗುವುದಿಲ್ಲ. ಕೋವಿಯನ್ನು ಲಿಯೋನೆಲ್‌ಗೆ ಕೊಡುತ್ತೇನೆ. ಮಡಚಲಿಕ್ಕೆ ಬಾರದವಳ ಮನೆಯಲ್ಲಿ ಕೋವಿ ಯಾಕೆ? ಮಣಿಪಾಲದಲ್ಲಿ ಡಾಕ್ಟರು ಎಕ್ಸ್‌ರೇ ತೆಗೆದು ಭುಜದ ಕೀಲು ಸವೆದಿದೆ ಅಂದಿದ್ದಾರೆ. ಅದೂ ಸುಳ್ಳಲ್ಲ.”

“ಅರವತ್ತೊಂದಕ್ಕೆ ಸವೆಯದ ಕೀಲು ಯಾರದ್ದುಂಟು ಬಾಯಮ್ಮ?”

“ನನ್ನನ್ನು ಸಮಾಧಾನ ಮಾಡಬೇಡ. ಕೈ ತಪ್ಪಾದರೆ ಕೈ ಅಂತ ಹೇಳು, ಕೋವಿ ತಪ್ಪಾದರೆ ಕೋವಿ. ಒಟ್ಟು ಒಂದು ತೀರ್ಮಾನ ಆಗಲಿ.”

ನಾನು ಒಳಗಿನಿಂದ ಅಮ್ಮನ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದೆ. ಕೋವಿಯ ಹಿಡಿಯನ್ನು ವೈಸಿನಲ್ಲಿ ಬಟ್ಟೆ ಸುತ್ತಿ ಬಿಗಿದು, ತಕ್ಕಡಿಯ ಕೊಕ್ಕೆಯನ್ನು ನಳಿಗೆಯ ತುದಿಗೆ ಸಿಕ್ಕಿಸಿ ಕೆಳಕ್ಕೆ ಎಳೆದೆ. ಮುಳ್ಳು ಇಪ್ಪತ್ತಕ್ಕೆ ಹೋಯಿತು. ನನ್ನ ಕೈಗೆ ಬಂದ ಏರ್‌ಗನ್ನಿನ ಎಳೆತವನ್ನೆಲ್ಲ ನಾನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಕಳೆದ ವರ್ಷ ನವೆಂಬರಿನಲ್ಲಿ ಇದೇ ಕೋವಿಗೆ ಹೊಸ ಸ್ಪ್ರಿಂಗ್, ಹೊಸ ವಾಶರ್ ಹಾಕಿ ಕೊಟ್ಟಾಗ ಬರೆದದ್ದು ಗೋಡೆಯಲ್ಲೇ ಇತ್ತು. ಹನ್ನೆರಡು.

“ನೋಡಿ ಪೊರ್ಬುಗಳೇ. ಹನ್ನೆರಡು ಕಿಲೋ ಇದ್ದದ್ದು ಇಪ್ಪತ್ತಾಗಿದೆ. ಎಂಟು ಕಿಲೋ ಜಾಸ್ತಿ. ಬಾಯಮ್ಮನ ಭುಜ ತಕ್ಕಡಿಯೊಳಗೆ ಹೋಗಿ ಕೂತಿಲ್ಲ ಅಲ್ವಾ?”

ಬಾಯಿಯವರು ಬೆನ್ನು ನೆಟ್ಟಗೆ ಮಾಡಿ ಕೂತರು.

ಪೊರ್ಬುಗಳು ಗೋಡೆಯ ಹತ್ತಿರ ಹೋಗಿ ಕನ್ನಡಕ ಮೇಲೆತ್ತಿ ಓದಿದರು. ಆಫೀಸಿನಲ್ಲಿ ಕಾಗದ ಓದಿ ಅಭ್ಯಾಸ ಆದವರು. ತಿರುಗಿದಾಗ ಮುಖದಲ್ಲಿ ನಗು. “ಹಾಗಾದರೆ ಹೊಸ ಸ್ಪ್ರಿಂಗ್ ಹಾಕಿದ್ದು ಯಾರು? ನೀನೇ. ಜರ್ಮನಿಯ ಕೋವಿಗೆ ಎಂತ ಹಾಕಿದೆ, ಲಾರಿಯ ಸ್ಪ್ರಿಂಗಾ? ನೀನು ಎಷ್ಟನೇ ಕ್ಲಾಸು ಹೇಳಿದೆ?”

ಏಳನೇ ಕ್ಲಾಸು. ನಾನು ಹೇಳಿರಲೇ ಇಲ್ಲ, ಅವರು ಯಾರಿಂದಲೋ ಕೇಳಿ ಇಟ್ಟುಕೊಂಡದ್ದು. ಕಾಪುವಿನ ಶಾಲೆಯಲ್ಲಿ ಒಬ್ಬ ಮೇಷ್ಟ್ರು, ಮೀನಿನ ವಾಸನೆ ಬರುತ್ತದೆ, ಹಿಂದಿನ ಬೆಂಚಿಗೆ ಹೋಗು ಎಂದಿದ್ದರು. ನಾನು ಹಿಂದಿನ ಬೆಂಚನ್ನೂ ದಾಟಿ ಬಾಗಿಲಿನಿಂದ ಹೊರಗೆ ನಡೆದವನು ಮತ್ತೆ ಹೋಗಲಿಲ್ಲ. ಮೀನು ಹಿಡಿಯುವ ಅಪ್ಪ ನಾಲ್ಕು ದಿನ ಹೊಡೆದರು, ಐದನೇ ದಿನ ದೋಣಿಗೆ ಹತ್ತಿಸಿದರು. ಅಲ್ಲಿಂದಲೂ ಇಳಿದು ಬಂದು, ಕಬ್ಬಿಣದ ಕೆಲಸವನ್ನು ನಾನೇ ನೋಡಿ ನೋಡಿ ಕಲಿತೆ. ಆದ್ದರಿಂದ ಕ್ಲಾಸಿನ ಲೆಕ್ಕ ಕೇಳಿದವರ ಮೇಲೆ ನನಗೆ ಕೈಯಲ್ಲಿದ್ದ ಸ್ಪಾನರ್ ಬೀಸುವಷ್ಟು ಸಿಟ್ಟು ಬರುತ್ತದೆ. ಬೀಸಲಿಲ್ಲ. ಸಿಟ್ಟು ಬಂದಾಗ ನನ್ನ ಕೈ ಇನ್ನೂ ನಿಧಾನ ಆಗುತ್ತದೆ. ಕೆಲಸಕ್ಕೆ ಅದು ಒಳ್ಳೆಯದು.

“ಬನ್ನಿ, ಸ್ಪ್ರಿಂಗೋ ಬೇರೆ ಎಂತದೋ, ನಿಮ್ಮ ಕೈಯಿಂದಲೇ ಹೇಳಿಸುತ್ತೇನೆ,” ಎಂದೆ. “ತಕ್ಕಡಿ ಹಿಡಿಯಿರಿ. ಮೆಲ್ಲ ಎಳೆಯಿರಿ. ಮುಳ್ಳು ಎಲ್ಲಿ ಏರುತ್ತದೆ ನೋಡಿ.”

ಅವರು ತೋಳು ಮಡಚಿ ಎಳೆದರು. ನಳಿಗೆ ಒಂದು ಇಂಚು ಸರಿಯುವ ಮೊದಲೇ ಮುಳ್ಳು ಇಪ್ಪತ್ತಕ್ಕೆ ಹಾರಿತು. ಮತ್ತೆ ಹದಿನೇಳಕ್ಕೆ ಇಳಿಯಿತು, ಮತ್ತೆ ಜರ್ರನೆ ಏರಿತು.

“ಸ್ಪ್ರಿಂಗ್ ಬಿಗಿಯಾದರೆ ಶುರುವಿಗೆ ಹಗುರ, ಒತ್ತಿದ ಹಾಗೆ ಕೊನೆಗೆ ಭಾರ. ಇದು ಶುರುವಿಗೇ ಭಾರ. ಅದೂ ಬಿಟ್ಟು ಬಿಟ್ಟು. ಸ್ಪ್ರಿಂಗ್ ಹಾಗೆ ಮಾಡುವುದಿಲ್ಲ. ಇನ್ನೊಂದು ನೋಡಿ.” ನಾನು ನಳಿಗೆಯನ್ನು ಪೂರಾ ಮಡಚಿ, ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡು, ಬಾಯಿಯವರ ಕೈಯಿಂದ ಟ್ರಿಗರ್ ಒತ್ತಿಸಿದೆ. ಕೈ ಜಾರಿದರೆ ಬೆರಳು ಮುರಿಯುತ್ತದೆ, ಗೊತ್ತಿಲ್ಲದವರು ಇದನ್ನು ಮಾಡಬಾರದು. ಸರಿ ಇರುವ ಕೋವಿಯಾದರೆ ಸ್ಪ್ರಿಂಗ್ ನಳಿಗೆಯನ್ನು ನನ್ನ ಕೈಯಿಂದ ಕಿತ್ತುಕೊಳ್ಳಲು ನೋಡಬೇಕು. ಇದು ಹೊಟ್ಟೆ ತುಂಬಿದ ಎಮ್ಮೆ ಏಳುವ ಹಾಗೆ ಮೇಲೆ ಬಂತು.

“ಹೋಗುವಾಗ ಭಾರ, ಬರುವಾಗ ಸೋಮಾರಿ. ಜಾಸ್ತಿ ಬಲ ಇರುವ ಸ್ಪ್ರಿಂಗ್ ಬರುವಾಗ ಸೋಮಾರಿ ಆಗುತ್ತದಾ ಪೊರ್ಬುಗಳೇ? ಎಲ್ಲಿಯೋ ಒಳಗೆ ಎಂತದೋ ಹಿಡಿದುಕೊಂಡಿದೆ. ಎರಡೂ ಕಡೆಗೆ ಹಿಡಿಯುತ್ತದೆ.”

ಪೊರ್ಬುಗಳು ಕೈಗೆ ತಾಗಿದ ಎಣ್ಣೆಯನ್ನು ಕರ್ಚೀಫಿಗೆ ಒರೆಸಿಕೊಂಡರು. ಈಗ ಕರ್ಚೀಫು ಹೊರಗೆ ಬಂತು.

“ಅವನಿಗೆ ಗೊತ್ತುಂಟು ಲಿಯೋನೆಲ್. ಮಾತಾಡಬೇಡ,” ಎಂದರು ಬಾಯಿ.

ಹೊರಗಿನಿಂದ ಒಳಕ್ಕೆ ಹೋದೆ. ನಳಿಗೆ ಮಡಚುವ ಕೀಲಿನ ಬೋಲ್ಟನ್ನು ಅರ್ಧ ಸುತ್ತು ಸಡಿಲ ಮಾಡಿ ಎಳೆದೆ. ಇಪ್ಪತ್ತೇ. ಬೋಲ್ಟ್ ಅಲ್ಲ. ಮಡಚುವಾಗ ಪಿಸ್ಟನನ್ನು ಹಿಂದಕ್ಕೆ ಎಳೆಯುವ ಸಲಾಕೆ ಒಂದುಂಟು, ಅದು ಓಡಾಡುವ ಸೀಳಿನ ಅಂಚಿಗೆ ಬೆರಳು ಆಡಿಸಿದೆ. ಒಂದು ಬದಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸಲಾಕೆಯ ತುದಿಯ ಕೊಕ್ಕೆಯೂ ಅದೇ ಬದಿಗೆ ಸವೆದಿತ್ತು. ಇದು ರೋಗ ಅಲ್ಲ, ರೋಗದಿಂದ ಆದದ್ದು. ಭಾರ ಎಳೆದು ಎಳೆದು ಬದಿಗೆ ಒರಗಿದೆ. ಹಾಗಂತ ಬಾಯಿಯವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ತಮ್ಮ ಎಡ ಭುಜವನ್ನು ಒಮ್ಮೆ ಮುಟ್ಟಿಕೊಂಡರು.

ಇನ್ನು ಉಳಿದದ್ದು ಒಳಗೆ. ಬಡಗಿಯ ಉದ್ದದ ಕ್ಲ್ಯಾಂಪಿನಲ್ಲಿ ಕೋವಿಯನ್ನು ಹಿಡಿಸಿ, ಹಿಂದಿನ ಬಿರಡೆಯ ಪಿನ್ನು ತೆಗೆದು, ಕ್ಲ್ಯಾಂಪನ್ನು ಸುತ್ತು ಸುತ್ತಾಗಿ ಬಿಟ್ಟೆ. ಅವಸರ ಮಾಡಿದರೆ ಸ್ಪ್ರಿಂಗ್ ಮೂಗು ಹಾರಿಸುತ್ತದೆ. ಹೊರಗೆ ಬಂದ ಸ್ಪ್ರಿಂಗನ್ನು ಗಾಜಿನ ತುಂಡಿನ ಮೇಲೆ ಉರುಳಿಸಿದೆ. ಕೋಲಿನ ಹಾಗೆ ನೇರ ಉರುಳಿತು. ಬಾಗಿಲ್ಲ, ಒಂದು ಸುತ್ತೂ ತುಂಡಾಗಿಲ್ಲ.

“ಇದು ನನ್ನ ಸ್ಪ್ರಿಂಗ್. ಲಾರಿಯದ್ದಾ ನೋಡಿ ಹೇಳಿ,” ಎಂದು ಪೊರ್ಬುಗಳ ಎದುರು ಹಿಡಿದೆ. ನನಗೆ ಆ ಹೊತ್ತಿಗೆ ಎಷ್ಟು ಖುಷಿ ಆಗಿತ್ತು ಎಂದರೆ, ಸೈಕಲ್ ಅಂಗಡಿಗೆ ಪಂಕ್ಚರಿಗೆ ಬಂದವರು ಇಬ್ಬರು ನಿಂತು ನೋಡುತ್ತಿದ್ದರು, ಅವರಿಗೂ ತೋರಿಸಿದೆ.

ಪಿಸ್ಟನ್ ಬರಲಿಲ್ಲ. ಕೋವಿಯನ್ನು ಬಗ್ಗಿಸಿದರೆ ಪಿಸ್ಟನ್ ತಾನಾಗಿ ಜಾರಿ ಅಂಗೈಗೆ ಬೀಳಬೇಕು. ಇದನ್ನು ತಂತಿಯ ಕೊಕ್ಕೆ ಹಾಕಿ, ಕಾಲು ಒತ್ತಿ ಎಳೆಯಬೇಕಾಯಿತು. ಪಚಕ್ ಎಂದು ಬಂತು. ಮೈಯೆಲ್ಲ ಕಂದು ಬಣ್ಣದ ಅಂಟು. ಬೆಲ್ಲದ ಪಾಕ ಒಣಗಿದ ಹಾಗೆ ಕೆಲವು ಕಡೆ ಗಟ್ಟಿ ಪೊರೆ, ಕೆಲವು ಕಡೆ ನೂಲು ನೂಲು. ತುದಿಯ ಚರ್ಮದ ವಾಶರ್ ಅಡಿಕೆಯ ಹಾಗೆ ಗಟ್ಟಿ. ಉಗುರು ಹಾಕಿ ಕೆರೆದು ಮೂಗಿಗೆ ಹಿಡಿದೆ.

ನಮ್ಮ ದೋಣಿಯ ಅಡಿಯ ವಾಸನೆ.

ಮಳೆಗಾಲಕ್ಕೆ ದೋಣಿ ಮೇಲೆ ಎಳೆದಾಗ ಅಪ್ಪ ಹಲಗೆಗೆಲ್ಲ ಬೂತಾಯಿ ಎಣ್ಣೆ ಹೊಡೆಯುತ್ತಾರೆ. ಬೂತಾಯಿ ಮೀನನ್ನು ಬೇಯಿಸಿ ಹಿಂಡಿದ ಎಣ್ಣೆ. ಅದು ಹಲಗೆಯ ಮೇಲೆ ಒಣಗಿ ಚರ್ಮದ ಹಾಗೆ ಪೊರೆ ಕಟ್ಟುತ್ತದೆ, ನೀರು ಹಿಡಿಯುವುದಿಲ್ಲ. ನಮ್ಮ ಕಡೆ ಚಪ್ಪಲಿಗೂ ಅದೇ, ಸೊಂಟದ ಪಟ್ಟಿಗೂ ಅದೇ. ಕಳೆದ ವರ್ಷ ಈ ಕೋವಿಗೆ ಹೊಸ ಚರ್ಮದ ವಾಶರ್ ಕತ್ತರಿಸಿದಾಗ ಅದನ್ನು ಎಣ್ಣೆಯಲ್ಲಿ ನೆನೆಸಬೇಕಿತ್ತು. ಚರ್ಮಕ್ಕೆ ಮೆಶಿನ್ ಎಣ್ಣೆ ಆಗದು, ಜೀವ ಇದ್ದ ಪ್ರಾಣಿಯ ಎಣ್ಣೆಯೇ ಬೇಕು ಎಂಬುದು ನನಗೆ ಗೊತ್ತಿತ್ತು. ಜೀವ ಇದ್ದ ಪ್ರಾಣಿಯ ಎಣ್ಣೆ ನಮ್ಮ ಮನೆಯಲ್ಲಿ ಒಂದು ಡಬ್ಬ ತುಂಬ ಇತ್ತು. ಎರಡು ದಿನ ನೆನೆಸಿ, ಪಿಸ್ಟನಿಗೂ ಧಾರಾಳ ಸವರಿ ಹಾಕಿದ್ದೆ. ಒಳ್ಳೆಯ ಕೆಲಸ ಮಾಡಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಮರದ ಮೇಲೆ ಒಣಗುವುದು ಕಬ್ಬಿಣದ ಒಳಗೆ ಒಣಗದೆ ಬಿಡುತ್ತದೆಯೇ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಪಿಸ್ಟನ್ ನನ್ನ ಕೈಯಲ್ಲಿ ಅಂಟಿಕೊಂಡಿತ್ತು. ಸ್ಪ್ರಿಂಗ್ ನೋಡಿ ಹೋಗಲು ನಿಂತಿದ್ದ ಪಂಕ್ಚರಿನವರು ಈಗಲೂ ನಿಂತಿದ್ದರು.

“ಎಂತ ಅದು?” ಎಂದರು ಬಾಯಿ.

“ಎಣ್ಣೆ. ಒಣಗಿದೆ.”

“ಅದೇ ನೋಡು,” ಎಂದರು ಲಿಯೋನೆಲ್ ಪೊರ್ಬು. ಸ್ಪ್ರಿಂಗ್ ತಪ್ಪಿದರೂ ಅವರಿಗೆ ಬೇರೆ ಒಂದು ಸಿಕ್ಕಿತು. “ಕಿಟ್ಟನ ಕೆಲಸ ಅಕ್ಕ. ಅವನು ಬೀಗಕ್ಕೂ ತೆಂಗಿನೆಣ್ಣೆ, ಬಾವಿಯ ಗಾಲಿಗೂ ತೆಂಗಿನೆಣ್ಣೆ. ಕೋವಿಗೂ ಸುರಿದಿದ್ದಾನೆ. ಇಂಥವನ ಕೈಗೆ ನೀನು ಜರ್ಮನಿಯ ಮಾಲು ಕೊಡುತ್ತೀ.”

ಕಿಟ್ಟ ಬಾಯಿಯವರ ತೋಟ ನೋಡಿಕೊಳ್ಳುವವನು, ಇಪ್ಪತ್ತು ವರ್ಷದಿಂದ. ಕೋವಿ ಒರೆಸಿ ಇಡುವುದೂ ಅವನೇ.

“ಕಿಟ್ಟ ಕೇಳದೆ ಮುಟ್ಟುವವನಲ್ಲ,” ಎಂದರು ಬಾಯಿ. ಆಮೇಲೆ ಸ್ವಲ್ಪ ಸಣ್ಣ ಸ್ವರದಲ್ಲಿ, “ಕೇಳಿ ನೋಡುತ್ತೇನೆ,” ಎಂದರು.

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ‘ಮೀನಿನ ಎಣ್ಣೆ, ನಾನೇ ಹಾಕಿದ್ದು’ ಎಂದು ಆ ಬಿಳಿ ಪ್ಯಾಂಟಿನ ಎದುರು ಹೇಳುವುದು ಹೇಗೆ? ಅವರು ಮೂಗು ಮುಚ್ಚಿಕೊಳ್ಳುವುದು ಆಗಲೇ ನನ್ನ ಕಣ್ಣಿಗೆ ಕಾಣುತ್ತಿತ್ತು. “ಬುಧವಾರ ನಾನೇ ತಂದು ಕೊಡುತ್ತೇನೆ ಬಾಯಮ್ಮ,” ಎಂದಷ್ಟೇ ಹೇಳಿದೆ. ಅವರು ಹೋದರು.

ಮರುದಿನ ನಾನು ಬೆಂಚಿಗೆ ಕೂರುವ ಮೊದಲೇ ಕಿಟ್ಟ ಬಂದಿದ್ದ. ಸಂತೆಕಟ್ಟೆಯಿಂದ ಸೈಕಲ್ ತುಳಿದು, ಬೆವರಿ, ಸ್ಟ್ಯಾಂಡ್ ಹಾಕದೆ ಸೈಕಲನ್ನು ಗೋಡೆಗೆ ಒರಗಿಸಿದ.

“ಗಣಪ, ಒಂದು ಮಾತು ಹೇಳು. ಕೋವಿಯೊಳಗೆ ತೆಂಗಿನೆಣ್ಣೆ ಉಂಟಾ?”

“ಕೂತುಕೊಳ್ಳಿ ಕಿಟ್ಟಣ್ಣ.”

“ಕೂರುವುದಿಲ್ಲ. ನಿನ್ನೆ ಬಾಯಮ್ಮ ಕರೆದು ಕೇಳಿದರು. ನೀನು ಕೋವಿಗೆ ಎಂತದಾದರೂ ಹಾಕಿದೆಯಾ ಕಿಟ್ಟ ಅಂತ. ಇಪ್ಪತ್ತು ವರ್ಷದಲ್ಲಿ ಅವರು ನನ್ನ ಹತ್ತಿರ ಬೀಗದ ಕೈ ಎಲ್ಲಿ ಅಂತಲೂ ಕೇಳಿದವರಲ್ಲ. ನೀನು ಕೊಟ್ಟ ಮೆಶಿನ್ ಎಣ್ಣೆ, ಹೊರಗಿನ ಕೀಲಿಗೆ ಎರಡು ಹನಿ, ಅಷ್ಟೇ ಹಾಕಿದ್ದು ನಾನು. ಅವರ ತಮ್ಮ ಅಲ್ಲೇ ನಿಂತು ನಗುತ್ತಿದ್ದರು. ನಾನು ತೋಟ ಬಿಡುತ್ತೇನೆ ಅಂದೆ.”

“ಬಿಟ್ಟಿರಾ?”

“ಬಿಡಲಿಕ್ಕೆ ಹೊರಟೆ. ನಿನ್ನ ಹತ್ತಿರ ಕೇಳಿಯೇ ಬಿಡುವ ಅಂತ ಬಂದೆ.” ಅವನು ಬೆಂಚಿನ ಮೇಲಿನ ಪಿಸ್ಟನ್ ನೋಡಿದ. ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ. ತಲೆ ಎತ್ತಿ ನನ್ನ ಮುಖ ನೋಡಿದ. ಕರಾವಳಿಯಲ್ಲಿ ಹುಟ್ಟಿದವನ ಮೂಗಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

“ಇದು ಬೂತಾಯಿ ಎಣ್ಣೆ ಅಲ್ವಾ?”

“ಹೌದು. ನಾನೇ ಹಾಕಿದ್ದು.”

ಕಿಟ್ಟ ಸ್ಟೂಲಿನ ಮೇಲೆ ಕೂತ. “ಅದಕ್ಕೇ,” ಎಂದ. “ಕಳೆದ ವರ್ಷ ರಿಪೇರಿ ಆಗಿ ಬಂದ ಮೇಲೆ ಬಾಯಮ್ಮ ನಾಲ್ಕು ಪೆಲೆಟ್ ಹೊಡೆದರು ನೋಡು, ಒಳಗಿನ ಎಣ್ಣೆ ಕಾದು ನಳಿಗೆಯಿಂದ ಹೊಗೆ ಬಂತು. ಮೀನು ಹುರಿದ ಪರಿಮಳ. ನೆರೆಮನೆಯ ಬೆಕ್ಕು ಬೇಲಿ ಹಾರಿ ಬಂದು ನಮ್ಮ ಕಾಲಡಿ ಕೂತಿತ್ತು. ಬಾಯಮ್ಮ ಹೇಳಿದರು, ಜರ್ಮನಿಯವರೂ ಬೂತಾಯಿ ತಿನ್ನುತ್ತಾರೆ ಕಾಣುತ್ತದೆ ಅಂತ.” ನಗಲು ಶುರು ಮಾಡಿದವನು ನಿಲ್ಲಿಸಲಿಲ್ಲ. “ನೀನು ಇದನ್ನು ಎಂತ ದೋಣಿ ಅಂತ ತಿಳಿದೆಯಾ ಮಾರಾಯ? ಮಲ್ಪೆಯಲ್ಲಿ ಇಳಿಸುವ ಅಂದಾಜಾ?”

“ನಗುವುದಾದರೆ ನಗಿ. ತೋಟ ಮಾತ್ರ ಬಿಡಬೇಡಿ.”

“ತೋಟದ ವಿಷಯ ನಾನು ಹೇಳುವುದಲ್ಲ, ನೀನು ಹೇಳುವುದು.” ಅವನ ನಗು ನಿಂತಿತ್ತು. “ಯಾರ ಹತ್ತಿರ ಹೇಳಬೇಕೋ ಅವರ ಹತ್ತಿರ. ಅವರ ತಮ್ಮ ಇರುವಾಗಲೇ. ನನ್ನನ್ನು ಕೇಳಿದ್ದು ಅವರ ಎದುರೇ.”

ಸಿಟ್ಟು ಬಂತು. ಕಿಟ್ಟನ ಮೇಲೆ ಅಲ್ಲ. ಸರಿಯಾದ ಮಾತನ್ನು ಅಷ್ಟು ಸಲೀಸಾಗಿ ಹೇಳಿದನಲ್ಲ ಎಂದು. ಅವನು ಹೋದ ಮೇಲೆ ಆ ಸಿಟ್ಟನ್ನೆಲ್ಲ ಕೋವಿಯ ಮೇಲೆ ಹಾಕಿದೆ. ನಳಿಗೆಯ ಹಿಂದಿನ ಕೊಳವೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿದೆ. ಪೊರೆ ಹೋಗಲಿಲ್ಲ. ಬಿದಿರಿನ ಕೋಲನ್ನು ಚೂಪು ಮಾಡಿ ಕೆರೆದೆ. ಕಬ್ಬಿಣದಿಂದ ಕೆರೆದರೆ ಗೀರು ಬೀಳುತ್ತದೆ. ಮತ್ತೆ ಸೀಮೆಎಣ್ಣೆ, ಮತ್ತೆ ಕೋಲು. ಊಟ ಬಿಟ್ಟೆ. ಮಧ್ಯಾಹ್ನ ಕಳೆದ ಮೇಲೆ ಕೊಳವೆಯೊಳಗೆ ಟಾರ್ಚ್ ಹಾಕಿದರೆ ಬೆಳಕು ಆ ಕಡೆಯವರೆಗೆ ಉಂಗುರ ಉಂಗುರವಾಗಿ ಕಂಡಿತು. ಪಿಸ್ಟನಿನ ಬದಿಯಲ್ಲಿದ್ದ ಒರಟನ್ನು ಸಾಣೆಕಲ್ಲಿಗೆ ಮೆಲ್ಲ ಉಜ್ಜಿದೆ. ಸಲಾಕೆಯ ಸವೆದ ಕೊಕ್ಕೆಯನ್ನು ಅರದಿಂದ ನೇರ ಮಾಡಿದೆ. ಅದು ಇನ್ನೂ ಹತ್ತು ವರ್ಷ ಬರುತ್ತದೆ.

ಹೊಸ ವಾಶರಿಗೆ ಚರ್ಮ ತರಲು ಕಡಿಯಾಳಿಯ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಬಳಿ ಹೋದೆ. ಜಂಬ ಬಿಟ್ಟು ಕೇಳಿದೆ, “ಅಣ್ಣ, ಚರ್ಮ ಮೆತ್ತಗೆ ಇರಲಿಕ್ಕೆ ನೀವು ಎಂತ ಹಾಕುವುದು?” ಅವರು ಒಂದು ಸಣ್ಣ ಬಾಟಲಿ ತೋರಿಸಿದರು. ದನದ ಕಾಲಿನ ಮೂಳೆ ಬೇಯಿಸಿ ತೆಗೆದ ಎಣ್ಣೆ. “ಇದು ಒಣಗುವುದಿಲ್ಲ. ಮೀನಿನದ್ದು ಒಣಗುತ್ತದೆ, ಅದನ್ನು ಹಾಕಬಾರದು,” ಎಂದರು. ನಾನು ಕೇಳಿರಲೇ ಇಲ್ಲ, ಅವರಾಗಿಯೇ ಹೇಳಿದರು. ಒಂದು ವರ್ಷ ಮೊದಲು ನಾಲ್ಕು ಹೆಜ್ಜೆ ನಡೆದು ಬಂದು ಕೇಳಬಹುದಿತ್ತು. ಕೇಳಿದರೆ ಗೊತ್ತಿಲ್ಲ ಎಂದಾಗುತ್ತದಲ್ಲ.

ಹೊಸ ವಾಶರನ್ನು ರಾತ್ರಿಯಿಡೀ ಆ ಎಣ್ಣೆಯಲ್ಲಿ ನೆನೆಸಿ, ಬುಧವಾರ ಬೆಳಿಗ್ಗೆ ಜೋಡಿಸಿ ತಕ್ಕಡಿ ಹಾಕಿದೆ. ಹನ್ನೆರಡು. ಗೋಡೆಯ ಮೇಲೆ ಬರೆದು, ಕೋವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸು ಹತ್ತಿದೆ.

ಸಂತೆಕಟ್ಟೆಯ ಮನೆಯ ಅಂಗಳದಲ್ಲಿ ಲಿಯೋನೆಲ್ ಪೊರ್ಬುಗಳ ಕಾರು ನಿಂತಿತ್ತು. ಒಳ್ಳೆಯದಾಯಿತು ಎಂದುಕೊಂಡೆ, ಒಂದೇ ಸಲಕ್ಕೆ ಮುಗಿಯುತ್ತದೆ. ಕಿಟ್ಟ ತೆಂಗಿನ ಬುಡದಲ್ಲಿ ಗರಿ ಕಡಿಯುತ್ತಿದ್ದ. ನನ್ನನ್ನು ನೋಡಿ ಕತ್ತಿ ಕೆಳಗಿಟ್ಟ, ಹತ್ತಿರ ಬರಲಿಲ್ಲ. ಬಾಯಿಯವರು ಜಗಲಿಯಲ್ಲಿ ನಿಂತಿದ್ದರು. ಪೊರ್ಬುಗಳು ಒಳಗಿನಿಂದ ಬಂದರು.

“ಕಿಟ್ಟಣ್ಣನದ್ದು ತಪ್ಪಿಲ್ಲ ಬಾಯಮ್ಮ,” ಎಂದೆ. ಮೆಟ್ಟಿಲು ಹತ್ತುವ ಮೊದಲೇ ಹೇಳಿಬಿಟ್ಟೆ, ಹತ್ತಿದರೆ ಮಾತು ಬದಲಾದೀತು ಎಂದು. “ಕಳೆದ ವರ್ಷ ವಾಶರಿಗೆ ನಾನು ಬೂತಾಯಿ ಎಣ್ಣೆ ಹಾಕಿದ್ದೆ. ನಮ್ಮ ಮನೆಯ ದೋಣಿಗೆ ಹಾಕುವ ಎಣ್ಣೆ. ಅದು ಒಳಗೆ ಒಣಗಿ ಅಂಟಾಗಿ ಪಿಸ್ಟನ್ ಹಿಡಿದಿದೆ. ಸೋಮವಾರವೇ ನನಗೆ ಗೊತ್ತಾಯಿತು. ಹೇಳಲಿಲ್ಲ.”

ಮೊದಲು ಮಾತಾಡಿದವರು ಪೊರ್ಬುಗಳು. ಅವರು ಮೂಗು ಮುಚ್ಚಲಿಲ್ಲ, ಅದನ್ನು ಹೇಳಬೇಕು. ಆದರೆ ದನಿಯಲ್ಲಿ ಹಬ್ಬ ಇತ್ತು.

“ಹಾಗಾದರೆ ನಾನು ಹೇಳಿದ್ದೇ ಸರಿ. ತಪ್ಪು ನಿನ್ನದು.”

“ನನ್ನದೇ. ಪೂರಾ ನನ್ನದು.”

“ಲೋಕಕ್ಕೆಲ್ಲ ಪಾಠ ಹೇಳುತ್ತಿದ್ದೆಯಲ್ಲ ಮೊನ್ನೆ. ಸ್ಪ್ರಿಂಗ್ ಹಿಡಿದು.”

“ಸ್ಪ್ರಿಂಗಿನ ಪಾಠ ಈಗಲೂ ಸರಿಯೇ ಪೊರ್ಬುಗಳೇ. ಎಣ್ಣೆಯ ಪಾಠ ನನಗೆ ಗೊತ್ತಿರಲಿಲ್ಲ. ಆದರೆ ನೀವು ಇನ್ನೊಂದು ಮಾತು ಗಟ್ಟಿಯಾಗಿ ಹೇಳಿ. ತಪ್ಪು ಯಾರದು ಅಂದಿರಿ?”

“ನಿನ್ನದು.”

“ನನ್ನದಾದರೆ ಬಾಯಮ್ಮನ ಕೈಯದ್ದಲ್ಲ. ಮಾತು ಇದ್ದದ್ದು ಹಾಗೆ. ಕೈ ತಪ್ಪಾದರೆ ಕೋವಿ ನಿಮಗೆ, ಕೋವಿ ತಪ್ಪಾದರೆ ಕೋವಿ ಇಲ್ಲೇ.”

ಪೊರ್ಬುಗಳು ಅಕ್ಕನ ಕಡೆ ನೋಡಿದರು.

ಬಾಯಿಯವರು ನನ್ನ ಕಡೆ ನೋಡಲೂ ಇಲ್ಲ. ಅಂಗಳಕ್ಕೆ ಇಳಿದು ಕಿಟ್ಟನ ಹತ್ತಿರ ಹೋಗಿ ನಿಂತರು. ಎಂತ ಹೇಳಿದರು ಎಂದು ನನಗೆ ಕೇಳಲಿಲ್ಲ, ಅದು ನನಗೆ ಕೇಳಬೇಕಾದ್ದೂ ಅಲ್ಲ. ಕಿಟ್ಟ ತಲೆಗೆ ಸುತ್ತಿದ ಬಟ್ಟೆ ತೆಗೆದು ಮತ್ತೆ ಸುತ್ತಿಕೊಂಡ. ಬಾಯಿಯವರು ತಿರುಗಿ ಬಂದು ನನಗೆ ಹೇಳಿದರು. “ಎರಡು ದಿನ ನಾನು ಅವನ ಮುಖ ನೋಡಲಿಲ್ಲ ಗಣಪ. ಎಣ್ಣೆ ಹಾಕಿದ್ದಕ್ಕೆ ನನಗೆ ಎಂತ ಸಿಟ್ಟೂ ಇಲ್ಲ. ಆ ಎರಡು ದಿನಕ್ಕೆ ಉಂಟು. ಅದು ಬೇಗ ಹೋಗುವುದಿಲ್ಲ.”

“ಹೋಗುವುದು ಬೇಡ,” ಎಂದೆ.

“ಕೊಡು ಇಲ್ಲಿ.”

ಕೋವಿಯ ಹಿಡಿಯನ್ನು ಸೊಂಟಕ್ಕೆ ಒತ್ತಿ, ಎಡಗೈಯಲ್ಲಿ ನಳಿಗೆಯ ತುದಿ ಹಿಡಿದು ಅವರು ಎಳೆದರು. ಹಗುರವಾಗಿ ಹೊರಟಿತು, ಕೊನೆಗೆ ಬಿಗಿಯಿತು, ಟಕ್ ಎಂದು ಕೂತಿತು. ಸ್ಪ್ರಿಂಗ್ ಹೇಗಿರಬೇಕೋ ಹಾಗೆ. ಕೊನೆಯಲ್ಲಿ ಅವರ ಮುಖ ಸ್ವಲ್ಪ ಹಿಂಡಿತು. ಅದನ್ನು ನಾನೂ ನೋಡಿದೆ, ಪೊರ್ಬುಗಳೂ ನೋಡಿದರು.

“ನೋವಾಯಿತಲ್ಲ ಅಕ್ಕ,” ಎಂದರು ಪೊರ್ಬುಗಳು. ಈ ಸಲ ಅವರ ದನಿಯಲ್ಲಿ ನಿಜವಾಗಿಯೂ ತಮ್ಮ ಇದ್ದ.

“ಆಯಿತು. ಗಣಪನ ತಪ್ಪು ಎಂಟು ಕಿಲೋ, ನನ್ನ ಭುಜದ್ದು ಒಂದು ಕಿಲೋ. ಒಂದು ಕಿಲೋ ನಾನು ಹೊರುತ್ತೇನೆ. ನೀನು ಭಾನುವಾರಕ್ಕೆ ಬೇರೆ ಕೋವಿ ಹುಡುಕು.”

ಭಾನುವಾರ ನಾನೂ ಕಿಟ್ಟನೂ ಕಾರ್ಕಳಕ್ಕೆ ಹೋದೆವು, ಬೇರೆ ಬೇರೆ ಬಸ್ಸಿನಲ್ಲಿ. ಬಾಯಿಯವರ ಸರದಿ ಬರುವಾಗ ಬಿಸಿಲು ನೆತ್ತಿಗೆ ಏರಿತ್ತು. ಲಿಯೋನೆಲ್ ಪೊರ್ಬುಗಳು ಯಾರದೋ ಕೋವಿಯಿಂದ ಆಗಲೇ ಎಂಟು ಮುಚ್ಚಳ ಬೀಳಿಸಿ ಕೂತಿದ್ದರು. ಒಳ್ಳೆಯ ಗುರಿ, ಇಲ್ಲವೆನ್ನುವುದಿಲ್ಲ. ಬಾಯಿಯವರು ಮೊದಲ ಐದನ್ನು ಸಾಲಾಗಿ ಹೊಡೆದರು. ಆರನೆಯದು ತಪ್ಪಿತು. ಏಳು, ಎಂಟು, ಒಂಬತ್ತು ಬಿದ್ದವು. ಅಲ್ಲಿಗೆ ಅಕ್ಕ ತಮ್ಮ ಇಬ್ಬರದ್ದೂ ಎಂಟೆಂಟು, ಅಕ್ಕನಿಗೆ ಇನ್ನೂ ಒಂದು ಪೆಲೆಟ್ ಬಾಕಿ. ಪ್ರತಿ ಸಲ ಸೊಂಟಕ್ಕೆ ಒತ್ತಿ, ಉಸಿರು ಬಿಟ್ಟು ಮಡಚುತ್ತಿದ್ದರು. ಒಂದೊಂದು ಸಲಕ್ಕೂ ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ನನ್ನ ಕಿವಿಯೆಲ್ಲ ಕೋವಿಯ ಒಳಗೇ ಇತ್ತು. ಗರಗರ ಇಲ್ಲ, ಎಲ್ಲಿಯೂ ಹಿಡಿಯುವುದಿಲ್ಲ. ಕೋವಿಯ ಬಗ್ಗೆ ನನಗೆ ಚೂರೂ ಹೆದರಿಕೆ ಇರಲಿಲ್ಲ.

ಹತ್ತನೆಯದಕ್ಕೆ ನಳಿಗೆ ಅರ್ಧಕ್ಕೆ ಬಂದು ನಿಂತಿತು. ಹಿಡಿದದ್ದು ಕೋವಿ ಅಲ್ಲ, ಬಾಯಿಯವರ ಭುಜ. ಪೊರ್ಬುಗಳು ಗೊತ್ತಿಲ್ಲದೆಯೇ ಎದ್ದು ಒಂದು ಹೆಜ್ಜೆ ಮುಂದೆ ಬಂದರು, ಕೈ ಚಾಚಿ. ಬೆರಳು ತಾಗಿದರೂ ಔಟ್ ಎಂದು ನಾನು ಅವರ ಬಿಳಿ ಅಂಗಿಯ ತೋಳು ಹಿಡಿದು ನಿಲ್ಲಿಸಿದೆ. ಎಣ್ಣೆಯ ಕೈ, ಗುರುತು ಬಿತ್ತು. ಅವರು ಅಂಗಿ ನೋಡಲಿಲ್ಲ.

ಬಾಯಿಯವರು ಕಾಲು ಸ್ವಲ್ಪ ಅಗಲ ಮಾಡಿ ನಿಂತು, ಮೈಯ ಭಾರವನ್ನೆಲ್ಲ ಎಡಗೈಗೆ ಬಿಟ್ಟರು. ಟಕ್.

“ದೂರ ನಿಲ್ಲಿ ಎಲ್ಲರೂ,” ಎಂದು ಪೆಲೆಟ್ ಹಾಕಿದರು.